ಕೆಂಪು ಬೊಟ್ಟಿನ ಟ್ಯೂಬು

ಜಲಜಾಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಲ್ಯಾಬಿನ ಫ್ರಿಜ್ಜಿನ ಬಾಗಿಲು ಬೆರಳಷ್ಟು ತೆರೆದಿದ್ದರೆ ಸಾಕು. "ಯಾರಪ್ಪನ ಮನೆ ಫ್ರಿಜ್ಜು ಇದು?" ಎಂದು ಮೊದಲು ಕನ್ನಡದಲ್ಲಿ ಒದರಿ, ಆಮೇಲೆ ಅದನ್ನೇ ಕೊಂಚ ಮೆತ್ತಗೆ ಮಾಡಿ ಹಿಂದಿಯಲ್ಲಿ ಹೇಳುತ್ತಿದ್ದಳು. ದಕ್ಷಿಣ ದೆಹಲಿಯ ಆ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಅವಳು ಇಪ್ಪತ್ತೊಂದು ವರ್ಷದಿಂದ ಟೆಕ್ನಿಕಲ್ ಅಸಿಸ್ಟೆಂಟ್. ಪಿಎಚ್.ಡಿ. ಮಾಡಲು ಬಂದ ಹುಡುಗ ಹುಡುಗಿಯರು ಐದಾರು ವರ್ಷ ಇದ್ದು, ಹೆಸರಿನ ಮುಂದೆ ಡಾಕ್ಟರ್ ಸೇರಿಸಿಕೊಂಡು ಹೊರಟು ಹೋಗುತ್ತಿದ್ದರು. ಜಲಜಾ ಮಾತ್ರ ಅದೇ ಸ್ಟೂಲು, ಅದೇ ಮೇಜು, ಅದೇ ಹುದ್ದೆ.

ಅವಳ ಕೆಲಸ ಹೇಳಲು ಸುಲಭ, ಮಾಡಲು ಬೇಸರ. ಮೈಯೊಳಗೆ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಿರುತ್ತವೆ. ಕ್ರಿಮಿ, ಕಸ, ಸತ್ತ ಕೋಶ, ಎದುರಿಗೆ ಸಿಕ್ಕಿದ್ದನ್ನೆಲ್ಲ ಗುಳುಂ ಮಾಡುವುದೇ ಅವುಗಳ ಉದ್ಯೋಗ. ಸೂಕ್ಷ್ಮದರ್ಶಕದ ಕೆಳಗೆ ಸಾವಿರ ಕೋಶಗಳ ನಡುವೆ ಅವು ಯಾವುವು ಎಂದು ತಿಳಿಯಬೇಕಾದರೆ ಏನಾದರೂ ಗುರುತು ಬೇಕಲ್ಲ. ಇಲಿಯ ಮ್ಯಾಕ್ರೋಫೇಜಿನ ಮೈಮೇಲೆ ಎಫ್-ಫೋರ್-ಏಟಿ ಎಂಬ ಗುರುತೊಂದು ಇರುತ್ತದೆ. ಆ ಗುರುತನ್ನೇ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುವ ಆಂಟಿಬಾಡಿಯನ್ನು ತಯಾರಿಸುವವಳು ಜಲಜಾ. ಅದನ್ನು ಒಸರುವ ಕೋಶಗಳನ್ನು ದ್ರವ ಸಾರಜನಕದ ಕ್ಯಾನಿನಿಂದ ತೆಗೆದು, ಹದವಾದ ಬಿಸಿಯಲ್ಲಿ ಹತ್ತು ದಿನ ಸಾಕಿ, ಅವು ಬಿಟ್ಟ ರಸವನ್ನು ಸೋಸಿ ಟ್ಯೂಬುಗಳಿಗೆ ತುಂಬುತ್ತಿದ್ದಳು. ವಿದೇಶದಿಂದ ತರಿಸಿದ ಆಂಟಿಬಾಡಿ ವಿಮಾನ ನಿಲ್ದಾಣದ ಗೋದಾಮಿನಲ್ಲಿ ನಾಲ್ಕು ದಿನ ಬಿಸಿಲು ಕಾಯಿಸಿಕೊಂಡು ಬರುತ್ತಿತ್ತು. ಜಲಜಾಳದ್ದು ಒಂದು ಸಲವೂ ಕೈಕೊಟ್ಟಿರಲಿಲ್ಲ. ಅದರ ಬಗ್ಗೆ ಅವಳಿಗೆ ಜಂಭವಿತ್ತು, ಇರಲೇಬೇಕು.

ಆ ಜಂಭಕ್ಕೆ ಕಲ್ಲು ಹಾಕುತ್ತಿದ್ದವನು ಪಕ್ಕದ ಲ್ಯಾಬಿನ ಕಿಶನ್. ಫ್ರಿಜ್ಜು ಎರಡು ಲ್ಯಾಬಿಗೂ ಸೇರಿದ್ದು. ಅವನು "ಬಸ್ ಥೋಡಾ ಸಾ, ಆಂಟೀಜೀ" ಎನ್ನುತ್ತ ಶುರು ಮಾಡಿ, ಕೇಳುವುದನ್ನೂ ಬಿಟ್ಟು, ವಾರಕ್ಕೊಂದು ಟ್ಯೂಬು ಖಾಲಿ ಮಾಡತೊಡಗಿದ. ಬೀಗ ಹಾಕಿದಳು, ಬೀಗವೇ ಮಾಯವಾಯಿತು. ಚೀಟಿ ಅಂಟಿಸಿದಳು, ಚೀಟಿಯ ಮೇಲೆ ಯಾರೋ ಮೀಸೆ ಬರೆದರು. ಕಡೆಗೆ ಒಂದು ದಿನ ತಲೆ ಕೆಟ್ಟು, ಇಡೀ ತಟ್ಟೆಯ ಟ್ಯೂಬುಗಳ ಮೇಲೆ ಕನ್ನಡದಲ್ಲಿ ಹೆಸರು ಬರೆದಳು. ಮ್ಯಾಕ್ರೋಫೇಜಿಗೆ ಅವಳಿಟ್ಟ ಹೆಸರು ಹೊಟ್ಟೆಬಾಕ. ಅಂದಿನಿಂದ ಕಿಶನ್ ಫ್ರಿಜ್ಜಿನ ಮುಂದೆ ಮಂಡಿಯೂರಿ ಕುಳಿತು, "ಯೇ ಕ್ಯಾ ಜಲೇಬಿ ಲಿಖಾ ಹೈ" ಎಂದು ಗೊಣಗಿ ಬರಿಗೈಲಿ ಎದ್ದು ಹೋಗುತ್ತಿದ್ದ. ಜಲಜಾಗೆ ಅದನ್ನು ನೋಡುವುದೇ ಒಂದು ಹಬ್ಬ.

ಹೊಟ್ಟೆಬಾಕದ ಟ್ಯೂಬುಗಳಲ್ಲಿ ಎರಡು ಬಗೆ. ದೆಹಲಿಯ ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ಫ್ರಿಜ್ಜು ಬೆಚ್ಚಗಾಗಿ ರಸದಲ್ಲಿ ಬೂಷ್ಟು ಹಿಡಿಯುತ್ತಿತ್ತು. ಅದಕ್ಕೇ ಹೆಚ್ಚಿನ ಟ್ಯೂಬುಗಳಿಗೆ ಅಜೈಡ್ ಎಂಬ ವಿಷದ ಪುಡಿಯನ್ನು ಧಾರಾಳವಾಗಿ ಬೆರೆಸುತ್ತಿದ್ದಳು. ಸತ್ತ ಕೋಶಗಳಿಗೆ ಬಣ್ಣ ಕಟ್ಟಲು ಅದು ಸಾಕು. ಜೀವಂತ ಕೋಶಗಳ ಮೇಲೆ ಪ್ರಯೋಗ ಮಾಡುವವರಿಗೆ ಮಾತ್ರ ವಿಷ ಬೆರೆಸದ ಮೂರು ಟ್ಯೂಬುಗಳನ್ನು ಬೇರೆಯಾಗಿ ಕಾಪಾಡುತ್ತಿದ್ದಳು. ಮೊದಲ ಬಗೆಯ ಮೇಲೆ 'ಹೊಟ್ಟೆಬಾಕ, ವಿಷ ಇದೆ'. ಎರಡನೆಯದರ ಮೇಲೆ 'ಹೊಟ್ಟೆಬಾಕ, ವಿಷ ಇಲ್ಲ'. ವಿಷವಿಲ್ಲದ್ದು ಮಡಿಯ ಟ್ಯೂಬು, ಅದರ ಮುಚ್ಚಳದ ಮೇಲೆ ಕೆಂಪು ಮಾರ್ಕರಿನಿಂದ ಕುಂಕುಮದ ಹಾಗೆ ಒಂದು ಬೊಟ್ಟು ಇಡುತ್ತಿದ್ದಳು.

ಮನೆ ಆರ್.ಕೆ.ಪುರಂ ಕ್ವಾರ್ಟರ್ಸಿನ ಎರಡನೇ ಮಹಡಿ. ಗಂಡ ಚಂದ್ರಪ್ಪ ಕೇಂದ್ರ ಸಚಿವಾಲಯವೊಂದರಲ್ಲಿ ಗುಮಾಸ್ತ. ಎರಡೇ ಕೋಣೆ. ಹದಿನೇಳರ ಮಗ ಸಾತ್ವಿಕ್, ಪ್ಲೈವುಡ್ ಹಲಗೆ ಹೊಡೆದು ಮುಚ್ಚಿದ ಬಾಲ್ಕನಿಯಲ್ಲಿ ಕೂಲರಿನ ಬೆನ್ನಿಗೆ ಬೆನ್ನು ಕೊಟ್ಟು ಓದುತ್ತಿದ್ದ. ಮುಂದಿನ ವರ್ಷ ಹನ್ನೆರಡನೇ ತರಗತಿ. ಜಲಜಾಗೆ ಟೆಕ್ನಿಕಲ್ ಆಫೀಸರ್ ಹುದ್ದೆಗೆ ಬಡ್ತಿ ಸಿಕ್ಕರೆ ಮೂರು ಕೋಣೆಯ ಕ್ವಾರ್ಟರ್ಸಿಗೆ ಅರ್ಹತೆ ಬರುತ್ತಿತ್ತು. "ಈ ಸಲ ನಿಂಗೆ ಬಾಗಿಲಿರೋ ರೂಮು ಕೊಡಿಸ್ತೀನಿ ನೋಡು" ಎಂದು ಮಗನಿಗೆ ಮಾತು ಕೊಟ್ಟಿದ್ದಳು. ಮೇ ಇಪ್ಪತ್ತೈದಕ್ಕೆ ಸಂದರ್ಶನ. ಅದಕ್ಕೆ ಲ್ಯಾಬಿನ ಮುಖ್ಯಸ್ಥೆ ಸಬರ್ವಾಲ್ ಮೇಡಂ ಶಿಫಾರಸು ಪತ್ರ ಬರೆಯಬೇಕು.

ಆದರೆ ಆ ಮಗನೋ! ಅವಳು ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯಬೇಕು, ಅವನು ಕೋಚಿಂಗ್ ಮುಗಿಸಿ ಬರುವುದು ಮಧ್ಯಾಹ್ನ. ಎರಡು ವರ್ಷದಿಂದ ಫ್ರಿಜ್ಜಿನ ಮೇಲೆ ದಿನವೂ ಚೀಟಿ ಬರೆದಿಟ್ಟು ಹೋಗುತ್ತಿದ್ದಳು. ಸಾರು ಬಿಸಿ ಮಾಡು, ಮೊಸರು ಒಳಗಿಡು, ಮೋಟರ್ ಹಾಕಿ ನೀರು ತುಂಬಿಸು. ಮಾರ್ಚ್‌ವರೆಗೂ ಎಲ್ಲವನ್ನೂ ಚಾಚೂ ತಪ್ಪದೆ ಮಾಡುತ್ತಿದ್ದ ಹುಡುಗ ಏಪ್ರಿಲ್ ಬಂದದ್ದೇ ಕೆಟ್ಟುಹೋದ. ಮೊಸರು ಒಳಗಿಡು ಎಂದರೆ ಸಾರನ್ನು ಒಳಗಿಟ್ಟ. ನೀರು ತುಂಬಿಸು ಎಂದ ದಿನ ಬಟ್ಟೆ ಒಗೆದು ಇದ್ದ ನೀರನ್ನೂ ಮುಗಿಸಿದ. "ಚೀಟಿ ಓದಿದ್ಯೇನೋ?" ಎಂದರೆ "ಹಾಂ ಅಮ್ಮಾ, ಓದ್ದೆ" ಎನ್ನುತ್ತಿದ್ದ, ನೆಲ ನೋಡಿಕೊಂಡು. ವಯಸ್ಸಿನ ಕೊಬ್ಬು ಎಂದು ಜಲಜಾ ಹಲ್ಲು ಕಡಿದಳು. ಯಾರ ಹತ್ತಿರವಾದರೂ ಗೋಳು ಹೇಳಿಕೊಳ್ಳೋಣವೆಂದರೆ ಕೆಳಮನೆಯ ಸುಶೀಲಮ್ಮನೂ ಏಪ್ರಿಲ್ ಮೊದಲ ವಾರವೇ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿ ಕುಳಿತಿದ್ದರು.

ಲ್ಯಾಬಿನಲ್ಲಿ ಅವಳಿಗೆ ಇದ್ದ ಒಂದೇ ಸಮಾಧಾನ ಪ್ರಕೃತಿ. ಪಿಎಚ್.ಡಿ.ಯ ಮೂರನೇ ವರ್ಷ. ಅಪ್ಪ ಅಮ್ಮ ಹಾಸನದ ಕಡೆಯವರು, ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ದೆಹಲಿ. ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ಹಿಂದಿಯಲ್ಲಿ ಮುಗಿಸುತ್ತಿದ್ದಳು. ಆದರೂ ಮಧ್ಯಾಹ್ನ ಡಬ್ಬಿ ಬಿಚ್ಚಿ ಕುಳಿತಾಗ ಕನ್ನಡ ಕಿವಿಗೆ ಬೀಳುತ್ತಿತ್ತಲ್ಲ, ಜಲಜಾಗೆ ಅಷ್ಟೇ ಸಾಕಾಗಿತ್ತು.

ಏಪ್ರಿಲ್ ಕೊನೆಯಲ್ಲಿ ಜಲಜಾ ಅಣ್ಣನ ಮಗಳ ಮದುವೆಗೆಂದು ದಾವಣಗೆರೆಗೆ ಎರಡು ವಾರ ರಜೆ ಹಾಕಿದಳು. ಹೊರಡುವ ಮುನ್ನ ಫ್ರಿಜ್ಜು ತೆರೆದು ಪ್ರಕೃತಿಯನ್ನು ಕರೆದಳು.

"ನೋಡು, ಎರಡು ಥರ ಇದೆ. ಒಂದ್ರಲ್ಲಿ ಅಜೈಡ್ ಇದೆ, ಇನ್ನೊಂದ್ರಲ್ಲಿ ಇಲ್ಲ. ನಿನ್ನ ಜೀವಂತ ಕೋಶಕ್ಕೆ ಅಜೈಡ್ ಇಲ್ಲದ್ದೇ ತಗೋಬೇಕು. ಲೇಬಲ್ ಮೇಲೆ ಎಲ್ಲಾ ಬರ್ದಿದೀನಿ. ಓದೋಕೆ ಬರುತ್ತಲ್ಲ?"

"ಬರುತ್ತೆ ಆಂಟಿ," ಎಂದಳು ಪ್ರಕೃತಿ, ಫ್ರಿಜ್ಜಿನ ತಳ ನೋಡುತ್ತ.

"ಅಬ್ಬಾ! ಈ ಊರಲ್ಲಿ ನನ್ನ ಅಕ್ಷರ ಓದೋಳು ಒಬ್ಬಳಾದ್ರೂ ಸಿಕ್ಕಿದ್ಯಲ್ಲ," ಎಂದು ಜಲಜಾ ಅವಳ ಬೆನ್ನು ತಟ್ಟಿ ರೈಲು ಹತ್ತಿದಳು.

ವಾಪಸು ಬರುವಷ್ಟರಲ್ಲಿ ಲ್ಯಾಬಿನಲ್ಲಿ ಬರ್ಫಿ ಹಂಚಿ ಮುಗಿದಿತ್ತು. ಪ್ರಕೃತಿ ಇಲಿಯ ಮ್ಯಾಕ್ರೋಫೇಜ್‌ಗಳಿಗೆ ಯೀಸ್ಟ್ ಕಣಗಳನ್ನು ತಿನ್ನಲು ಕೊಟ್ಟಿದ್ದಳು. ಸಾಮಾನ್ಯ ತಟ್ಟೆಯಲ್ಲಿ ಅವು ಹೊಟ್ಟೆ ಬಿರಿಯುವಷ್ಟು ತಿಂದವು. ಎಫ್-ಫೋರ್-ಏಟಿ ಆಂಟಿಬಾಡಿ ಹಾಕಿದ ತಟ್ಟೆಯಲ್ಲಿ ಒಂದು ಕಣವನ್ನೂ ಮುಟ್ಟಲಿಲ್ಲ. ಇಷ್ಟು ವರ್ಷ ಬರೀ ಗುರುತು ಎಂದುಕೊಂಡಿದ್ದು ಅವುಗಳ ಬಾಯಿಯೇ ಆಗಿತ್ತು, ಆಂಟಿಬಾಡಿ ಆ ಬಾಯಿಯನ್ನು ಮುಚ್ಚಿದೆ ಎಂದು ಸಬರ್ವಾಲ್ ಮೇಡಂ ಕುಣಿದಾಡುತ್ತಿದ್ದರು. ಮೂರು ಸಲ ಮಾಡಿದರೂ ಅದೇ ಫಲ. ಸೋಮವಾರ ಲೇಖನ ಪತ್ರಿಕೆಗೆ ಹೋಗಬೇಕು, ಜೂನ್‌ನಲ್ಲಿ ಮೇಡಂ ಇದೇ ವಿಷಯವನ್ನು ವಿದೇಶದಲ್ಲಿ ಮಂಡಿಸಬೇಕು.

"ಜಲಜಾ, ಇದೆಲ್ಲ ನಿಮ್ಮ ಆಂಟಿಬಾಡಿಯ ಕೃಪೆ," ಎಂದರು ಮೇಡಂ ಹಿಂದಿಯಲ್ಲಿ, ಕೈ ಕುಲುಕಿ. "ನಿಮ್ಮ ಪತ್ರ ಬರೆದಿಟ್ಟಿದ್ದೇನೆ. ಸೋಮವಾರ ಸಹಿ ಹಾಕಿ ಕೊಡುತ್ತೇನೆ."

ಜಲಜಾ ಉಬ್ಬಿಹೋದಳು. ಆ ಉಬ್ಬು ಫ್ರಿಜ್ಜು ತೆರೆಯುವವರೆಗೆ ಇತ್ತು. ಕೆಂಪು ಬೊಟ್ಟಿನ ಮೂರು ಟ್ಯೂಬುಗಳೂ ತುಂಬಿದಂತೆಯೇ ಇದ್ದವು, ಅಂಟಿಸಿದ ಟೇಪು ಕೂಡ ಬಿಚ್ಚಿರಲಿಲ್ಲ. ಖಾಲಿಯಾಗಿದ್ದವು 'ವಿಷ ಇದೆ' ಟ್ಯೂಬುಗಳು. ಹುಡುಗಿ ಲೇಬಲ್ ನೋಡದೆ ಕೋಶಗಳಿಗೆ ಅಜೈಡ್ ಕುಡಿಸಿದ್ದಾಳೆ! ವಿಷ ಕುಡಿದ ಯಾವ ಪ್ರಾಣಿ ತಾನೇ ಊಟ ಮಾಡೀತು?

ಆದರೂ ಕೈಯಾರೆ ನೋಡದೆ ಮಾತಾಡುವವಳಲ್ಲ ಅವಳು. ಶುಕ್ರವಾರ ಪ್ರಕೃತಿ ಲೈಬ್ರರಿಗೆ ಹೋದಾಗ ಮೂರು ತಟ್ಟೆ ಹಚ್ಚಿದಳು. ಒಂದಕ್ಕೆ ಕೆಂಪು ಬೊಟ್ಟಿನ ಆಂಟಿಬಾಡಿ. ಒಂದಕ್ಕೆ ಅಜೈಡ್ ಬೆರೆಸಿದ ಆಂಟಿಬಾಡಿ. ಮೂರನೆಯದಕ್ಕೆ ಆಂಟಿಬಾಡಿಯೇ ಇಲ್ಲ, ಬರೀ ಅಜೈಡ್. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಬೊಟ್ಟಿನ ತಟ್ಟೆಯ ಹೊಟ್ಟೆಬಾಕಗಳು ಗಬಗಬ ತಿಂದಿದ್ದವು. ಉಳಿದೆರಡೂ ತಟ್ಟೆಗಳಲ್ಲಿ ಒಂದೂ ತಿಂದಿರಲಿಲ್ಲ. ಬಾಯಿಯೂ ಇಲ್ಲ, ಮಣ್ಣೂ ಇಲ್ಲ, ಬರೀ ವಿಷ. ಜಲಜಾ ಹಣೆ ಚಚ್ಚಿಕೊಂಡು ತಟ್ಟೆಗಳನ್ನು ಮುಚ್ಚಿಟ್ಟಳು.

ಭಾನುವಾರ ಕಾಫಿ ಕುಡಿಯುತ್ತ ಗಂಡನಿಗೆ ಎಲ್ಲವನ್ನೂ ಹೇಳಿದಳು. ಚಂದ್ರಪ್ಪ ಪೇಪರಿನ ಹಿಂದಿನಿಂದಲೇ ತೀರ್ಪು ಕೊಟ್ಟ.

"ಆ ಲೇಬಲ್ ಓದೋಕೆ ಬರೋದು ಯಾರ್‌ಗೆ? ನಿಂಗೆ, ಬಿಟ್ರೆ ಆ ಹುಡುಗಿಗೆ. ಅಂದ್ಮೇಲೆ ಗೊತ್ತಾಗೋದು ಯಾರ್‌ಗೆ? ಸುಮ್ನಿರು. ಇಂಟರ್‌ವ್ಯೂ ಆಗ್ಲಿ, ಆಮೇಲೆ ಹೇಳಿದ್ರಾಯ್ತು."

"ಅಷ್ಟೊತ್ತಿಗೆ ಲೇಖನ ಹೋಗಿರುತ್ತೆ ಕಣ್ರೀ. ಜೂನ್‌ನಲ್ಲಿ ಅವ್ರು ನಾಲ್ಕು ಜನರ ಮುಂದೆ ನಿಂತು ಹೇಳ್ತಾರೆ. ಆಮೇಲೆ ಇನ್ಯಾರೋ ಮಾಡಿ ನೋಡಿ ಉಗೀತಾರೆ."

"ಉಗಿದ್ರೆ ಅವ್ರಿಗೆ ಉಗೀತಾರೆ. ನಿಂಗೇನು?"

ಅವಳಿಗೇನು ಎಂಬುದನ್ನು ಗಂಡನಿಗೆ ಹೇಗೆ ಬಿಡಿಸಿ ಹೇಳುವುದು? ಅದು ಅವಳು ಸಾಕಿದ ಆಂಟಿಬಾಡಿ. ಮಾಡದ ಕೆಲಸದ ಕೀರ್ತಿ ಅದರ ತಲೆಗೆ ಕಟ್ಟಿ ಊರೂರು ಮೆರೆಸುವುದನ್ನು ನೆನೆದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಜೊತೆಗೆ ಹೆದರಿಕೆಯೂ ಇತ್ತು. ವಿಷದ ಟ್ಯೂಬಿನ ಮೇಲೆ ಯಾರಿಗೂ ತಿಳಿಯದ ಲಿಪಿಯಲ್ಲಿ ಬರೆದದ್ದು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಪ್ಪತ್ತೊಂದು ವರ್ಷ ಕಾದ ಬಡ್ತಿ ಅಲ್ಲಿಗೆ ಮುಗಿಯಿತು. ಬಾಲ್ಕನಿಯಲ್ಲಿ ಸಾತ್ವಿಕ್ ಬನಿಯನ್ನಿನಲ್ಲಿ ಕುಳಿತು, ಕೂಲರಿನ ಸದ್ದಿಗೆ ಕಿವಿಗೆ ಹತ್ತಿ ತುರುಕಿಕೊಂಡು ಲೆಕ್ಕ ಬಿಡಿಸುತ್ತಿದ್ದ. ಅವಳು ಅತ್ತ ನೋಡದೆ ಪಾತ್ರೆ ತೊಳೆದಳು.

ಸೋಮವಾರ ಬೆಳಿಗ್ಗೆ ಮಗನಿಗೆ ಚೀಟಿ ಬರೆಯುವಾಗ ಅದು ಒಂದು ಸಾಲಿನಲ್ಲಿ ಮುಗಿಯಲಿಲ್ಲ. ಕೆಲಸದಲ್ಲಿ ತನ್ನದೊಂದು ತಪ್ಪಾಗಿದೆ, ಇವತ್ತು ಮೇಡಂ ಹತ್ತಿರ ಒಪ್ಪಿಕೊಳ್ಳಲು ಹೋಗುತ್ತಿದ್ದೇನೆ, ಬಡ್ತಿ ಸಿಗುವುದಿಲ್ಲ, ರೂಮಿನ ಮಾತು ಈ ಸಲ ಉಳಿಸಿಕೊಳ್ಳಲಾಗಲಿಲ್ಲ, ಬೇಜಾರಾಗಬೇಡ ಎಂದು ಬರೆದಳು. ಕೊನೆಗೆ ಅಭ್ಯಾಸಬಲದಿಂದ, ಸಾರು ಬಿಸಿ ಮಾಡಿಡು ಎಂದು ಸೇರಿಸಿದಳು. ಇದನ್ನು ಅವನ ಮುಖ ನೋಡಿ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಮೇಡಂ ಕೋಣೆಯಲ್ಲಿ ಪ್ರಕೃತಿಯೂ ಇದ್ದಳು. ಜಲಜಾ ಮೂರು ತಟ್ಟೆಗಳ ಚಿತ್ರವನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಎರಡು ಟ್ಯೂಬುಗಳನ್ನು ನಿಲ್ಲಿಸಿ, ಹಿಂದಿಯಲ್ಲಿ ಆದಷ್ಟು ಚುಟುಕಾಗಿ ವಿಷಯ ಹೇಳಿದಳು. ಮೇಡಂ ಚಿತ್ರಗಳನ್ನು ಎರಡು ಸಲ ನೋಡಿದರು. ಅವರ ಮಾತು ಹಿಂದಿ, ಕೋಪ ಮಾತ್ರ ಇಂಗ್ಲಿಷು. ಇಂಗ್ಲಿಷು ಬಹಳ ಹೊತ್ತು ನಡೆಯಿತು. ಆಮೇಲೆ ಒಂದು ಟ್ಯೂಬನ್ನು ಎತ್ತಿ ಹಿಡಿದು ಕೇಳಿದರು.

"ಇಲ್ಲೇನು ಬರೆದಿದೆ?"

"ವಿಷ ಇದೆ ಅಂತ, ಮೇಡಂ."

"ಯಾರು ಓದಲಿ ಅಂತ?"

ಜಲಜಾ ಯಾರೂ ಓದದಿರಲಿ ಅಂತಲೇ ಬರೆದದ್ದು. ಕಿಶನ್ನನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಅಷ್ಟರಲ್ಲಿ ಪ್ರಕೃತಿ ಅಳತೊಡಗಿದಳು.

"ತಪ್ಪು ನನ್ನದು ಮೇಡಂ. ಓದಲು ಬರುತ್ತೆ ಅಂತ ನಾನೇ ಹೇಳಿದ್ದೆ. ನನಗೆ ಬರಲ್ಲ. ಕೆಂಪು ಚುಕ್ಕೆ ಇತ್ತು, ಅದೇ ವಿಷದ್ದು ಅಂದುಕೊಂಡು ಅದನ್ನು ಬಿಟ್ಟು ಇನ್ನೊಂದು ತೆಗೆದುಕೊಂಡೆ."

ಕುಂಕುಮದ ಬೊಟ್ಟು! ಅದನ್ನು ಅಪಾಯ ಅಂದುಕೊಳ್ಳಬಹುದೆಂದು ಜಲಜಾಗೆ ಯಾವ ಜನ್ಮದಲ್ಲೂ ಹೊಳೆಯುತ್ತಿರಲಿಲ್ಲ.

ಲೇಖನ ನಿಂತಿತು. ಮೇಡಂ ಮೇಜಿನ ಖಾನೆ ಎಳೆದು, ಬರೆದಿಟ್ಟಿದ್ದ ಶಿಫಾರಸು ಪತ್ರವನ್ನು ನೋಡಿ, ಹಾಗೇ ಒಳಗೆ ತಳ್ಳಿದರು. "ನೀವೇ ಬಂದು ಹೇಳಿದಿರಿ, ಅದು ದೊಡ್ಡದು. ಆದರೆ ವಿಷಕ್ಕೆ ಹೀಗೆ ಲೇಬಲ್ ಹಚ್ಚಿದವರು ಆಫೀಸರ್ ಆಗಲು ಯೋಗ್ಯರು ಅಂತ ಈ ವರ್ಷ ನಾನು ಸಹಿ ಹಾಕಲಾರೆ," ಎಂದರು. ಅದು ಅನ್ಯಾಯವಲ್ಲ ಎಂಬುದು ಜಲಜಾಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಹೊರಗೆ ಬಂದ ಮೇಲೆ ಪ್ರಕೃತಿಯ ಮೇಲೆ ಹರಿಹಾಯ್ದಳು. "ಬರಲ್ಲ ಅಂತ ಒಂದು ಮಾತು ಹೇಳಿದ್ರೆ ನಾನೇನು ನಿನ್ನ ನುಂಗ್ತಿದ್ನಾ?"

"ನೀವು ಅಷ್ಟು ಖುಷಿಯಾಗಿ ಕೇಳಿದ್ರಿ ಆಂಟಿ," ಎಂದಳು ಹುಡುಗಿ ಮೂಗು ಒರೆಸಿಕೊಳ್ಳುತ್ತ. "ಇಲ್ಲ ಅನ್ನೋಕೆ ಮನ್ ನಹೀ ಹುವಾ. ಮನೇಲೂ ಹಾಗೇ. ಅಮ್ಮ ಊರಿಂದ ಬಂದ ಪತ್ರ ಕೊಡ್ತಾರೆ, ನಾನು ಸುಮ್ನೆ ನೋಡಿ ಅಚ್ಛಾ ಅಂತೀನಿ."

ಜಲಜಾ ಹೋಗಿ ಸ್ಟೂಲಿನ ಮೇಲೆ ಕುಳಿತಳು. ಮಧ್ಯಾಹ್ನವಿಡೀ ಮೇಡಂ ಅಪ್ಪಣೆಯಂತೆ ಎಂಬತ್ತು ಟ್ಯೂಬುಗಳ ಲೇಬಲ್ ಕಿತ್ತು ಇಂಗ್ಲಿಷಿನಲ್ಲಿ ಬರೆದಳು. ವಿಷದ್ದಕ್ಕೆ ತಲೆಬುರುಡೆಯ ಚಿತ್ರ. ಕೊನೆಯ ತಟ್ಟೆ ಒಳಗಿಡುವಾಗ ಕಿಶನ್ ಬಗ್ಗಿ ನೋಡಿ, "ಅರೇ ಆಂಟೀಜೀ, ಎಫ್-ಫೋರ್-ಏಟಿ ಇತನಾ ಸಾರಾ!" ಎಂದು ಹಲ್ಲು ಕಿರಿದ. ಅವಳು ಬಯ್ಯದೆ ಫ್ರಿಜ್ಜಿನ ಬಾಗಿಲು ಮುಚ್ಚಿದಳು.

ಸಂಜೆ ಆರಕ್ಕೆ ಮನೆ ಮುಟ್ಟಿದಾಗ ಸಾತ್ವಿಕ್ ಅಡುಗೆಮನೆಯಲ್ಲಿ ಹಾಡು ಗುನುಗುತ್ತ ಮ್ಯಾಗಿ ಕುದಿಸುತ್ತಿದ್ದ. ಚೀಟಿ ಫ್ರಿಜ್ಜಿನ ಮೇಲೆ ಇದ್ದಲ್ಲೇ ಇತ್ತು. ಜಲಜಾ ಬಾಗಿಲಲ್ಲಿ ನಿಂತು ಅವನ ಮುಖ ನೋಡಿದಳು. ಬೇಜಾರಿಲ್ಲ, ಕೋಪವಿಲ್ಲ, ಸಮಾಧಾನದ ಒಂದು ಮಾತೂ ಇಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇವನಿಗೆ ಏನು ಹೇಳಲಿ ಎಂದು ಬೆಂದುಕೊಂಡು ಬಂದರೆ ಇಲ್ಲಿ ಮ್ಯಾಗಿ!

"ಚೀಟಿ ಓದಿದ್ಯೇನೋ?"

"ಹಾಂ ಅಮ್ಮಾ, ಓದ್ದೆ." ಕಣ್ಣು ಬಾಣಲೆಯ ಮೇಲೆ.

ಬಯ್ಯಲು ಎಳೆದುಕೊಂಡ ಉಸಿರು ಜಲಜಾಗೆ ಅರ್ಧಕ್ಕೇ ನಿಂತಿತು. ಈ ದನಿಯನ್ನು ಅವಳು ಬೇರೆ ಕಡೆ ಕೇಳಿದ್ದಳು. ಬರುತ್ತೆ ಆಂಟಿ. ಫ್ರಿಜ್ಜಿನ ತಳ ನೋಡುತ್ತ ಪ್ರಕೃತಿ ಹೇಳಿದ್ದು. ಅವಳು ಹೋಗಿ ಚೀಟಿ ಕಿತ್ತು ತಂದು ಅವನ ಮುಂದೆ ಹಿಡಿದಳು.

"ಗಟ್ಟಿಯಾಗಿ ಓದು, ನೋಡೋಣ."

ಸಾತ್ವಿಕ್ ಗ್ಯಾಸ್ ಆರಿಸಿದ. ಚೀಟಿಯನ್ನು ಬಹಳ ಹೊತ್ತು ನೋಡಿದ. ಕಿವಿ ಕೆಂಪಾದವು.

"ಇದು ಅ. ಯೇ ವಾಲಾ ನ. ಬಾಕಿ... ಬರಲ್ಲ ಅಮ್ಮಾ."

"ಮತ್ತೆ ಎರಡು ವರ್ಷದಿಂದ?"

"ಕೆಳಗೆ ಸುಶೀಲಾ ಆಂಟಿ ಹತ್ರ ತಗೊಂಡ್ಹೋಗ್ತಿದ್ದೆ. ಅವ್ರು ಓದಿ ಹೇಳ್ತಿದ್ರು. ಅವ್ರು ಮೈಸೂರಿಗೆ ಹೋದ್ಮೇಲೆ ಗೆಸ್ ಮಾಡ್ತಿದ್ದೆ."

ಜಲಜಾ ಅಡುಗೆಮನೆಯ ಮಣೆಯ ಮೇಲೆ ಕುಳಿತಳು. ಕಿಶನ್ನನಿಗೆ ತನ್ನ ಅಕ್ಷರ ಓದಲು ಬರುವುದಿಲ್ಲವೆಂದು ಎಷ್ಟು ಹಿಗ್ಗಿದ್ದಳು! ಏಪ್ರಿಲ್‌ನಿಂದ ಈ ಹುಡುಗನನ್ನು ಸೋಮಾರಿ, ಕೊಬ್ಬಿದವನು ಎಂದು ಬಯ್ದಿದ್ದಳು. ಅವನು ಒಂದು ಸಲವೂ ಎದುರಾಡಿರಲಿಲ್ಲ. ಅವನಿಗೆ ಓದಲು ಬರುತ್ತದೆ ಎಂದು ಅವಳಿಗೆ ಹೇಳಿದ್ದಾದರೂ ಯಾರು? ಅವಳು ಕಲಿಸಿರಲಿಲ್ಲ, ಕೇಳಿರಲೂ ಇಲ್ಲ. ಅಳು ಬಂತು, ಅದರ ಮೇಲೂ ಸಿಟ್ಟು ಬಂತು.

"ಅಮ್ಮಾ, ಇವತ್ತು ಜಾಸ್ತಿ ಇದೆ," ಎಂದ ಅವನು ಮೆಲ್ಲಗೆ, ಚೀಟಿ ತೋರಿಸಿ. "ಕ್ಯಾ ಲಿಖಾ ಹೈ?"

ಮುಖ ನೋಡಿ ಹೇಳಲಾಗದೆ ಬರೆದದ್ದನ್ನು ಈಗ ಮುಖದೆದುರಿಗೇ ಓದಬೇಕಾಯಿತು. ತಪ್ಪು, ಮೇಡಂ, ಬಡ್ತಿ, ಬಾಗಿಲಿರುವ ರೂಮು. ಅವಳು ಒಂದು ಪದವನ್ನೂ ಬಿಡದೆ ಓದಿದಳು. ಸಾತ್ವಿಕ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಅವಳ ಬೆರಳು ಹೋದ ಕಡೆಯೆಲ್ಲ ಕಣ್ಣು ಹಾಯಿಸಿದ.

"ಬಾಲ್ಕನಿ ಚಲೇಗಾ ಅಮ್ಮಾ," ಎಂದ ಕಡೆಗೆ. ಆಮೇಲೆ, "ನಾನು ಮಾಡ್ಬೇಕಿದ್ದು ಏನಾದ್ರೂ ಇತ್ತಾ ಇದ್ರಲ್ಲಿ?" ಎಂದು ಕೇಳಿದ.

ಜಲಜಾ ಕೊನೆಯ ಸಾಲಿನ ಮೊದಲ ಪದದ ಮೇಲೆ ಬೆರಳಿಟ್ಟು, "ಇದು ಸಾ. ಇದು ರು," ಎಂದಳು. ಒಲೆಯ ಮೇಲೆ ಬೆಳಿಗ್ಗೆಯಿಂದ ಬಿಸಿ ಕಾಣದ ಸಾರು ಹಳಸಿ ಹುಳಿ ವಾಸನೆ ಹೊಡೆಯುತ್ತಿತ್ತು.